ಭಾಗವ್ವನಿಗೆ ನೀರು ಬಂದದ್ದು

ನಮ್ಮೂರಿನ ಸಮುದ್ರವನ್ನು ನಮ್ಮೂರಿನವರು ನೋಡಿದವರಲ್ಲ. ಹೊರಗಿನಿಂದ ಬಂದವರಿಗೆ ಅದು ಕಾಣುತ್ತದೆ, ಕೇಳಿಸುತ್ತದೆ, ಕಾಲಿಗೆ ತಣ್ಣಗೆ ತಾಗುತ್ತದೆ. ನಮಗೆ ಕಾಣುವುದು ಮರಳು. ಹೋಟೆಲುಗಳ ಸಾಲು ಮುಗಿದಲ್ಲಿಂದ ನೆಲ ಇಳಿಜಾರಾಗಿ, ಕಣ್ಣು ಹಾಯುವಷ್ಟು ದೂರ ಬಯಲು ಹಬ್ಬಿಕೊಂಡಿದೆ. ಅಲ್ಲಲ್ಲಿ ಮುಳ್ಳುಕಂಟಿ, ಒಂದೆರಡು ಬಾವಿ, ಯಾವಾಗಲೂ ಬೀಸುವ ಗಾಳಿ. ಮೀನು ನಮಗೆ ಬುಟ್ಟಿಯಲ್ಲಿ ಬಂದಾಗಲಷ್ಟೇ ಗೊತ್ತು.

ನಮ್ಮಜ್ಜಿಯ ಕಾಲದಲ್ಲಿ ಇದು ಆಡು ಮೇಯಿಸಿಕೊಂಡು, ಕಲ್ಲಂಗಡಿ ಬೆಳೆದುಕೊಂಡು ಇದ್ದ ಸಣ್ಣ ಊರು. ಒಂದು ದಿನ ಯಾವನೋ ಸಾಹುಕಾರ ಎದೆರೋಗದ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ದೂರದ ಪೇಟೆಯಿಂದ ಬಂದ. ಬಯಲು ಕಂಡದ್ದೇ ಗಾಡಿ ನಿಲ್ಲಿಸಿ, ಧೋತರವನ್ನು ಮೊಣಕಾಲಿಗೆ ಎತ್ತಿಕಟ್ಟಿ, ಹೆಂಡತಿಯ ಕೈಹಿಡಿದು ಮರಳಿನೊಳಗೆ ನಡೆದನಂತೆ. ಗಂಡಹೆಂಡತಿ ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಆಡು ಕಾಯುವವರು ನಗುತ್ತ ನಿಂತಿದ್ದರು. ಆಮೇಲೆ ಆ ಹೆಂಗಸು ಮೆಲ್ಲಗೆ ಹಿಂದಕ್ಕೆ ಒರಗಿ, ನೆಲದಿಂದ ಸೊಂಟದೆತ್ತರದಲ್ಲಿ, ಏನೂ ಇಲ್ಲದ ಕಡೆ ಮಲಗಿಕೊಂಡಳು. ಅವಳ ಸೆರಗು ಗಾಳಿಗೆ ಎದುರಾಗಿ ಅತ್ತಿತ್ತ ಆಡುತ್ತಿತ್ತು. ಆಡುಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಓಡಿದರು.

ಆ ಹೆಂಗಸು ಗುಣವಾದಳು. ಮುಂದಿನ ವರ್ಷ ಸಾಹುಕಾರ ಬಂಗಲೆ ಕಟ್ಟಿಸಿದ. ಅವನ ಬಾಯಿಂದ ಕೇಳಿ ಇನ್ನೊಬ್ಬರು ಬಂದರು, ಅವರಿಂದ ಕೇಳಿ ಮತ್ತೊಬ್ಬರು. ಹೊಸದಾಗಿ ಮದುವೆಯಾದವರು ಬರತೊಡಗಿದ ಮೇಲೆ ಊರಿನ ದೆಸೆಯೇ ತಿರುಗಿತು. ಹೋಟೆಲುಗಳೆದ್ದವು, ಐಸ್‌ಕ್ರೀಮಿನವರು ಬಂದರು, ಒಂಟೆಯವನು ಬಂದ. ಹವಾ ತಿನ್ನುತ್ತ ಅಡ್ಡಾಡಲಿಕ್ಕೆಂದು ಕಬ್ಬಿಣದ ಕಂಬಗಳ ಮೇಲೆ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಧಕ್ಕೆ ಕಟ್ಟಿದರು. ನಮ್ಮ ಕಣ್ಣಿಗೆ ಅದು ಒಣ ಬಯಲಿನ ಮೇಲೆ ತೆಂಗಿನ ಮರದೆತ್ತರದಲ್ಲಿ ಹೋಗಿ, ಎಲ್ಲಿಗೂ ಮುಟ್ಟದೆ ನಿಂತುಬಿಟ್ಟ ಸೇತುವೆ. ಕಾಣದ ಸಮುದ್ರಕ್ಕೆ ಮುಖ ಮಾಡಿದ ಜಾಗಕ್ಕೆ ಇಷ್ಟು ಬೆಲೆಯೇ ಎಂದು ನಮ್ಮವರು ಒಳಗೊಳಗೇ ನಕ್ಕು ದಡದ ಜಾಗವನ್ನೆಲ್ಲ ಮಾರಿದರು. ಮಾರಿದ ಮೇಲೆ ತಲೆಯ ಮೇಲೊಂದು ಸೂರು ಬೇಕಲ್ಲ. ಬಯಲಂತೂ ಖಾಲಿ ಬಿದ್ದಿತ್ತು, ಕೇಳುವವರಿರಲಿಲ್ಲ. ಅಲ್ಲಿಗೇ ಹೋಗಿ ಮನೆ ಕಟ್ಟಿಕೊಂಡರು. ಹಾಗೆ ಆದದ್ದು ನಮ್ಮ ತಗ್ಗಿನಕೇರಿ.

ನಾನು ಹುಟ್ಟಿದ್ದು ಅಲ್ಲೇ. ನಮ್ಮ ಮನೆ ಧಕ್ಕೆಯ ತುದಿಯ ನೇರ ಕೆಳಗಿತ್ತು. ಮಧ್ಯಾಹ್ನ ಅದರ ನೆರಳು ಅಂಗಳದಲ್ಲಿ ಬೀಳುತ್ತಿತ್ತು. ಮೇಲೆ ದೋಣಿಗಳ ಹೊಟ್ಟೆ ಸಾಗಿಹೋಗುವುದು ಕಾಣುತ್ತಿತ್ತು. ಕೆಲವೊಮ್ಮೆ ಯಾರದೋ ಚಪ್ಪಲಿ, ಟೋಪಿ, ಬಳೆ ಮೇಲಿನಿಂದ ತರಗೆಲೆಯ ಹಾಗೆ ನಿಧಾನಕ್ಕೆ ಇಳಿದು ಬರುತ್ತಿತ್ತು. ಒಮ್ಮೆ ಲಂಗರು ಬಿದ್ದು ನೆರೆಮನೆಯವರ ತುಳಸಿಕಟ್ಟೆ ಒಡೆಯಿತು. ದೊಡ್ಡ ಜಗಳವಾಯಿತು. ಸಂಜೆ ಹೋಟೆಲು ಕೆಲಸ ಮುಗಿಸಿ ನಾವೆಲ್ಲ ಮನೆಗೆ ಹೊರಟಾಗ ಪ್ರವಾಸಿಗರು ದಡದಲ್ಲಿ ಸಾಲಾಗಿ ನಿಂತು ನೋಡುತ್ತಾರೆ. ಹೆಂಗಸರು, ಗಂಡಸರು, ಕೈಯಲ್ಲಿ ತರಕಾರಿ ಚೀಲ ಹಿಡಿದವರು, ಮಾತಾಡಿಕೊಂಡು ಸಮುದ್ರದೊಳಗೆ ನಡೆಯುತ್ತ ಹೋಗಿ, ಸೊಂಟ ಮುಳುಗಿ, ಭುಜ ಮುಳುಗಿ, ಕೊನೆಗೆ ತಲೆಯೂ ಮುಳುಗಿ ಹೋಗುತ್ತಾರಂತೆ. ಬೆಳಿಗ್ಗೆ ಹಾಗೆಯೇ ಒಣಗಿದ ಬಟ್ಟೆಯಲ್ಲಿ ಎದ್ದು ಬರುತ್ತಾರಂತೆ. ಅದನ್ನು ನೋಡಲೆಂದೇ ಬರುವವರಿದ್ದಾರೆ. ಕೆಲವು ಮಕ್ಕಳು ಹೆದರಿ ಅಳುತ್ತವೆ.

ಈಗ ನನ್ನ ಅಕ್ಕ ಹೊನ್ನಕ್ಕನ ಮಾತು. ನಾನು ಸಾವಂತ್ರಿ, ಅವಳ ತಂಗಿ, ಹೋಟೆಲಿನಲ್ಲಿ ಕೋಣೆ ಗುಡಿಸುವವಳು. ಅಕ್ಕನದು ಎತ್ತುವ ಕೆಲಸ. ಈಜಲು ಹೋಗಿ ಮುಳುಗುವವರು ನಮ್ಮ ಕಡೆಗೆ ಮೇಲಿನಿಂದ ಇಳಿದು ಬರುತ್ತಾರೆ. ಕೈಕಾಲು ಬಡಿಯುತ್ತ, ಬಾಯಿ ತೆರೆದುಕೊಂಡು, ಸದ್ದಿಲ್ಲದೆ. ಎತ್ತುವವರು ಕೆಳಗೆ ನಿಂತು ಅವರನ್ನು ಹಿಡಿದುಕೊಂಡು ದಡಕ್ಕೆ ಓಡಬೇಕು. ಗಂಡಸರೇ ಮಾಡುತ್ತಿದ್ದ ಕೆಲಸವದು. ಅಪ್ಪ ಸತ್ತ ವರ್ಷ ಅಕ್ಕ ಅವನ ಜಾಗಕ್ಕೆ ಹೋಗಿ ನಿಂತಳು. ಯಾರನ್ನೂ ಕೇಳಲಿಲ್ಲ. ಅವಳ ತೋಳಿನ ಬಲ ಕಂಡ ಮೇಲೆ ಯಾರೂ ಬೇಡವೆನ್ನಲೂ ಇಲ್ಲ. ಮಾತು ಕಡಿಮೆಯ ಹೆಂಗಸು. ಕೈಗೆ ಸಿಕ್ಕವರಿಗೆ ಅವಳು ಹೇಳುತ್ತಿದ್ದುದು ಒಂದೇ, ಬಾಯಿ ಮುಚ್ಚು, ನನ್ನ ಕುತ್ತಿಗೆ ಹಿಡಿ.

ಶ್ರೀಪತಿ ಭಾವ ಅವಳಿಗೆ ಸಿಕ್ಕಿದ್ದೂ ಹಾಗೆಯೇ. ಒಳನಾಡಿನಿಂದ ಬಂದು ಹೋಟೆಲಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ ತೆಳ್ಳನೆಯ ಮನುಷ್ಯ. ಅಲೆ ಎಳೆದುಕೊಂಡು ಹೋದಾಗ, ಮುಳುಗುತ್ತ ಮುಳುಗುತ್ತ ಕೆಳಗೆ ನೋಡಿದನಂತೆ. ಹಸಿರು ನೀರಿನ ತಳದಲ್ಲಿ ಒಬ್ಬ ಹೆಂಗಸು, ಕಟ್ಟಿದ ತುರುಬು ಕದಲದ ಹಾಗೆ, ಎರಡೂ ಕೈ ಚಾಚಿಕೊಂಡು ನಿಂತಿದ್ದಳು. ಯಮನ ಕಡೆಯವಳು ಅಂದುಕೊಂಡೆ ಎಂದು ಅವನೇ ಎಷ್ಟೋ ಸಲ ಹೇಳಿದ್ದಾನೆ. ಮರುದಿನ ಹುಡುಕಿಕೊಂಡು ಬಂದ, ಅದರ ಮರುದಿನವೂ ಬಂದ. ಆ ಮಳೆಗಾಲ ಮುಗಿಯುವುದರೊಳಗೆ ಮದುವೆಯಾಯಿತು.

ನಮ್ಮವ್ವ ಭಾಗವ್ವನಿಗೆ ಇದು ಸೇರಲಿಲ್ಲ. ಅಳಿಯ ಕೆಟ್ಟವನೆಂದಲ್ಲ, ಅಳಿಯನಾದವನು ಹಬ್ಬಕ್ಕೆ ಮನೆಗೆ ಬಂದು ಎಲೆಯ ಮುಂದೆ ಕೂರುವಂತಿಲ್ಲವಲ್ಲ ಎಂದು. ಅಕ್ಕ ಭಾವ ದಡದಲ್ಲಿ ಕ್ಷೌರದಂಗಡಿಯ ಮೇಲೊಂದು ಕೋಣೆ ಹಿಡಿದರು. ಅವ್ವ ಹೋಳಿಗೆ ಮಾಡಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು, ತಾನು ಹೋಗುತ್ತಿರಲಿಲ್ಲ. ವಸು ಹುಟ್ಟಿದಾಗ ಎಲ್ಲರಿಗೂ ಒಂದೇ ಯೋಚನೆ, ಕೂಸು ಯಾರ ಕಡೆಯದು ಎಂದು. ಮೂರು ತಿಂಗಳಾದಾಗ ಅಕ್ಕ ಅದನ್ನು ಎತ್ತಿಕೊಂಡು ಇಳಿಜಾರಿಗೆ ಬಂದಳು. ಕಾಲು ನೆಲಕ್ಕೆ ಮುಟ್ಟಿಸಿದ್ದೇ ಕೂಸು ಬೆಚ್ಚಿ ಕಾಲು ಮಡಚಿಕೊಂಡಿತು. ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಸೆರಗಿನಿಂದ ಒರೆಸಿ, ಭಾವನ ಕೈಗೆ ಕೊಟ್ಟಳು. ಆಮೇಲೆ ಮೊಮ್ಮಗಳನ್ನು ನೋಡಬೇಕೆನಿಸಿದಾಗ ಅವ್ವನೇ ಬಸ್‌ಸ್ಟ್ಯಾಂಡಿನವರೆಗೆ ಏರಿ ಬಂದು, ಬೆಂಚಿನ ಮೇಲೆ ಕೂತು ಆಡಿಸಿ ಹೋಗುತ್ತಿದ್ದಳು. ಭಾವ ಅಲ್ಲಿದ್ದರೆ ಅವನಿಗೆ ಹೇಳಬೇಕಾದ್ದನ್ನು ಕೂಸಿಗೆ ಹೇಳುತ್ತಿದ್ದಳು.

ನಮ್ಮವರಿಗೂ ಕೆಲವೊಮ್ಮೆ ನೀರು ಬರುತ್ತದೆ. ಯಾರಿಗೆ, ಯಾಕೆ ಎಂದು ಹೇಳಲಾಗುವುದಿಲ್ಲ. ಮೊದಲು ಕಿವಿಗೆ ಬರುತ್ತದೆ, ದೂರದಲ್ಲಿ ಯಾರೋ ಅಕ್ಕಿ ಕೇರಿದ ಹಾಗೆ. ಆಮೇಲೆ ನಾಲಿಗೆಗೆ, ಕೊನೆಗೆ ಮೈಗೆ. ಕಿವಿಗೆ ಬಂದ ಕೂಡಲೇ ಗಂಟುಮೂಟೆ ಕಟ್ಟಿ ದಡಕ್ಕೆ ಹೋಗಿಬಿಡಬೇಕು, ಮತ್ತೆ ಕೇರಿಯ ಕಡೆ ತಲೆ ಹಾಕುವಂತಿಲ್ಲ. ಕಿವಿಯಿಂದ ಮೈಗೆ ಬರಲು ಹೆಚ್ಚಾಗಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸತ್ತವರು ಕಡಿಮೆ. ಆದರೂ ಪ್ರತಿ ಮನೆಯಲ್ಲಿ ಯಾರಾದರೂ ಕೆಲಸ ಬಿಟ್ಟು ಸುಮ್ಮನೆ ಕಿವಿಗೊಟ್ಟು ನಿಂತರೆ ಉಳಿದವರ ಮುಖ ಬಿಳುಚಿಕೊಳ್ಳುತ್ತದೆ.

ವಸು ಓಡಾಡತೊಡಗಿದ ವರ್ಷ ಅವ್ವ ಬಾವಿಕಟ್ಟೆಯ ಹತ್ತಿರ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ನಾನೇ ನೋಡಿಕೊಳ್ಳುತ್ತಿದ್ದೆ. ಅಕ್ಕ ಕೆಲಸದ ನಡುವೆ ಬಂದು ಮೈ ಒರೆಸಿ, ಮಗ್ಗಲು ಬದಲಿಸಿ ಹೋಗುತ್ತಿದ್ದಳು. ಅವ್ವ ಊಟ ಉಪ್ಪು ಎನ್ನುತ್ತಿದ್ದಳು. ಉಪ್ಪು ಕಡಿಮೆ ಮಾಡಿದೆ. ಆಗಲೂ ಉಪ್ಪು ಎಂದಳು. ಗಂಜಿಗೆ ಉಪ್ಪು ಹಾಕದೆಯೇ ಕೊಟ್ಟೆ. ಒಂದು ತುತ್ತು ತಿಂದು ತಟ್ಟೆ ಸರಿಸಿ ಗೋಡೆಯ ಕಡೆ ತಿರುಗಿಕೊಂಡಳು. ಮಲಗಿದವರ ಹಟ ಎಂದುಕೊಂಡೆ. ಅವಳಿಗೆ ಗೊತ್ತಿತ್ತು, ಬಾಯಿಬಿಡಲಿಲ್ಲ ಅಷ್ಟೆ.

ನನ್ನ ರಜೆಯ ದಿನ ಮಧ್ಯಾಹ್ನ. ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅವ್ವ ಒಳಗಿನಿಂದ, ಚಾದರ ಒದ್ದೆಯಾಗಿದೆ ತೆಗೆ, ಎಂದಳು. ಮುಟ್ಟಿ ನೋಡಿದೆ, ಗರಿಗರಿ ಒಣಗಿತ್ತು. ಹಾಗೆಂದು ಹೇಳಲು ಮುಖ ಎತ್ತಿದೆ. ಅವ್ವನ ಬಿಳಿ ಕೂದಲು ದಿಂಬಿನಿಂದ ಎದ್ದಿತ್ತು. ಗಾಳಿಗೆ ಹಾರುವ ಹಾಗಲ್ಲ. ಒಂದೊಂದೇ ಎಳೆಯಾಗಿ, ನಿಧಾನವಾಗಿ ಮೇಲೆದ್ದು, ಒಂದು ಕಡೆಗೆ ಬಾಗಿ, ಮತ್ತೆ ಇನ್ನೊಂದು ಕಡೆಗೆ ಬಾಗುತ್ತಿತ್ತು. ಮುಚ್ಚಿದ ಕೋಣೆ. ಗೋಡೆಯ ಕ್ಯಾಲೆಂಡರಿನ ಹಾಳೆ ಕೂಡ ಅಲುಗುತ್ತಿರಲಿಲ್ಲ.

ಓಡಿಹೋಗಿ ಎತ್ತುವವರನ್ನು ಕರೆಯಲೆಂದು ಕೇರಿಯ ತುದಿಯಲ್ಲಿ ತೂಗುಹಾಕಿದ ರೈಲುಕಂಬಿಯನ್ನು ಬಾರಿಸಿದೆ. ಅಕ್ಕ ಧಕ್ಕೆಯ ಕೆಳಗೇ ಇದ್ದಳು, ನನಗಿಂತ ಮೊದಲೇ ಮನೆ ಹೊಕ್ಕಳು. ಅಷ್ಟರಲ್ಲಿ ಅವ್ವನ ಸೆರಗೂ ಎದ್ದಿತ್ತು. ಅವಳು ಗಲ್ಲ ಮೇಲೆತ್ತಿ, ಗುಟುಕು ಗುಟುಕಾಗಿ ಉಸಿರು ಹಿಡಿಯುತ್ತಿದ್ದಳು.

"ನನ್ನ ಇಲ್ಲೇ ಬಿಡು ಹೊನ್ನಿ," ಎಂದಳು. "ಇದು ನನ್ನ ಮನೆ."

ಅಕ್ಕ ಹಗ್ಗದ ಮೇಲಿದ್ದ ಸೀರೆ ಎಳೆದು ಅವ್ವನನ್ನು ಬೆನ್ನಿಗೆ ಬಿಗಿದುಕೊಂಡಳು. ಬಾಯಿ ಮುಚ್ಚು, ಕುತ್ತಿಗೆ ಹಿಡಿ, ಎಂದಳು. ಹೆತ್ತವ್ವನಿಗೂ ಅದನ್ನೇ, ಅದೇ ದನಿಯಲ್ಲಿ.

ಹೊರಗೆ ಬಂದು ನಾನು ದಡದ ಕಡೆ ತಿರುಗಿದೆ. ಅಕ್ಕ ಅತ್ತ ನೋಡಲೂ ಇಲ್ಲ. ದಡ ಮುಟ್ಟುವಷ್ಟು ಉಸಿರು ಅವ್ವನಲ್ಲಿ ಇರಲಿಲ್ಲ. ಧಕ್ಕೆಯ ಕಂಬಗಳಿಗೆ ಕೆಳಗಿನಿಂದ ಬಣ್ಣ ಬಳಿಯುವವರು ನಮ್ಮವರೇ. ಅವರಿಗೆಂದು ಕೊನೆಯ ಕಂಬಕ್ಕೆ ನೆಲದಿಂದ ತುದಿಯವರೆಗೆ ಕಬ್ಬಿಣದ ಮೆಟ್ಟಿಲು ಬೆಸೆದಿದ್ದರು. ಅಕ್ಕ ಅದಕ್ಕೆ ಕೈ ಹಾಕಿದಳು. ಅವಳ ಹಿಂದೆ ನಾನು, ಅವ್ವ ಜಾರಿದರೆ ತಡೆಯಲೆಂದು.

ಜಾರಲಿಲ್ಲ. ನಾಲ್ಕಾಳೆತ್ತರ ಏರಿದಾಗ ನಾನು ನೋಡಿದ್ದು ಬೇರೆಯದೇ. ಅವ್ವನ ಕಾಲುಗಳು ಅಕ್ಕನ ಸೊಂಟದಿಂದ ಬಿಟ್ಟುಕೊಂಡು ಮೇಲಕ್ಕೆ ಏಳುತ್ತಿದ್ದವು. ಕಟ್ಟಿದ ಸೀರೆಯ ಒಳಗಿಂದ ಇಡೀ ಮೈ ಮೇಲಕ್ಕೆ ಜಗ್ಗುತ್ತಿತ್ತು, ದಾರ ಕಟ್ಟಿದ ಬಲೂನಿನ ಹಾಗೆ. ಮೈಗೆ ಭಾರವೇ ಉಳಿದಿರಲಿಲ್ಲ. ಅಕ್ಕ ಒಂದು ಕೈಯಲ್ಲಿ ಮೆಟ್ಟಿಲು, ಇನ್ನೊಂದರಲ್ಲಿ ಅವ್ವನ ಮುಂಗೈ ಹಿಡಿದು ಏರುತ್ತಿದ್ದಳು. ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದು ಹೇಳುವಂತಿರಲಿಲ್ಲ. ಅವ್ವನ ಬಾಯಿಂದ ಗುಳ್ಳೆಗಳು ಹೊರಟು, ಬಿಸಿಲಿನಲ್ಲಿ ಮಿನುಗುತ್ತ ನಮಗಿಂತ ಮುಂಚೆ ಮೇಲಕ್ಕೆ ಹೋದವು. ಆಮೇಲೆ ಗುಳ್ಳೆಗಳೂ ನಿಂತವು.

ಮೇಲೆ ಶ್ರೀಪತಿ ಭಾವ ಬ್ಯಾಂಡಿನವರ ಜೊತೆ ಕುರ್ಚಿ ಜೋಡಿಸುತ್ತಿದ್ದ. ಕಂಬದ ಬುಡದಲ್ಲಿ ನೀರು ಅಲ್ಲಾಡಿದ್ದು ಕಂಡು ಬಗ್ಗಿ ನೋಡಿದನಂತೆ. ನಮ್ಮ ಮೂವರನ್ನೂ ಅವನೇ ಎಳೆದುಕೊಂಡ. ಅವ್ವನನ್ನು ಮಗ್ಗುಲಾಗಿಸಿ ಬೆನ್ನು ತಟ್ಟಿದ, ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ. ಜನ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಸುತ್ತ ನಿಂತರು. ಅವ್ವ ಮುಡಿಯಿಂದ ಅಡಿಯವರೆಗೆ ತೊಯ್ದುಹೋಗಿದ್ದಳು. ಅವಳನ್ನು ಹೊತ್ತು ತಂದ ಅಕ್ಕನ ಸೀರೆಯಲ್ಲಿ ಒಂದು ಹನಿ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅವ್ವ ಕೆಮ್ಮಿ, ನೀರು ಕಾರಿ, ಕಣ್ಣು ಬಿಟ್ಟಳು.

ಭಾವ ಅವಳ ಬೆನ್ನಿಗೆ ಮೊಣಕಾಲು ಕೊಟ್ಟು ಕೂರಿಸಿದ. ಅವಳು ಸುತ್ತಲೂ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ದೂರಕ್ಕೆ ನೋಡಿದಳು. ಎಪ್ಪತ್ತರ ಮುದುಕಿ, ಹುಟ್ಟಿದಾಗಿನಿಂದ ಆ ಊರು ಬಿಟ್ಟು ಹೋದವಳಲ್ಲ.

"ಇದನ್ನ ನೋಡೋದಕ್ಕಾ ಇವರೆಲ್ಲ ಬರೋದು?" ಎಂದಳು.

ಆಮೇಲೆ ಅವಳು ಧಕ್ಕೆಯ ಅಂಚಿಗೆ ಕತ್ತು ಚಾಚಿ, ನಮ್ಮ ಮನೆ ಎಲ್ಲಿ ಎಂದು ಕೇಳಿದಳು. ಅಕ್ಕ ನೇರ ಕೆಳಗೆ ಬೆರಳು ತೋರಿಸಿದಳು. ನನಗೆ ಹೆಂಚು ಕಾಣುತ್ತಿತ್ತು, ಅಂಗಳ ಕಾಣುತ್ತಿತ್ತು, ಗಡಿಬಿಡಿಯಲ್ಲಿ ನಾನು ಮಗುಚಿದ ಕೊಡ ಕಾಣುತ್ತಿತ್ತು. ಅವ್ವ ಅಲ್ಲಿಯೇ ಕಣ್ಣಿಟ್ಟು ಹುಡುಕಿ ಹುಡುಕಿ, ಕೊನೆಗೆ ಕಣ್ಣು ಮುಚ್ಚಿಕೊಂಡಳು.

ಅವಳನ್ನು ಕ್ಷೌರದಂಗಡಿಯ ಮೇಲಿನ ಕೋಣೆಗೆ ಒಯ್ದರು. ಆ ಸಂಜೆ ನಾನು ಹೊರಡುವ ಹೊತ್ತಿಗೆ ಕಿಟಕಿಯ ಪಕ್ಕ ಮಲಗಿಸಿದ್ದರು. ಹೋಗಿ ಬರ್ತೀನಿ ಅವ್ವ, ಎಂದೆ. ಎಲ್ಲಿಗೆ, ಎಂದಳು. ಮನೆಗೆ, ಎಂದೆ. ಅವಳು ನನ್ನ ಸೆರಗು ಹಿಡಿದುಕೊಂಡಳು. ಬಿಡಿಸಲು ಅಕ್ಕ ಕೈ ಹಾಕಬೇಕಾಯಿತು. ಬೆಳಗಿನವರೆಗೆ ಅವ್ವನನ್ನು ಸುಮ್ಮನಿರಿಸಲು ಆಗಲಿಲ್ಲವೆಂದು ಭಾವ ಆಮೇಲೆ ಹೇಳಿದ. ನನ್ನ ಮಗಳು ಮುಳುಗಿದಳು, ನಾನೇ ನೋಡಿದೆ, ಎನ್ನುತ್ತಿದ್ದಳಂತೆ. ಬೆಳಿಗ್ಗೆ ನಾನು ಹೋದಾಗ ಮುಟ್ಟಿ ಮುಟ್ಟಿ ನೋಡಿದಳು. ಕೂದಲು ಹಿಂಡಿ ನೋಡಿದಳು. ಎಷ್ಟೋ ದಿನ ಹೀಗೆಯೇ. ಕೊನೆಗೆ ಸಂಜೆಯಾಯಿತೆಂದರೆ ಭಾವ ತಾನೇ ಕಿಟಕಿ ಮುಚ್ಚಿ, ಟ್ರಂಪೆಟ್ಟು ತೆಗೆದು ಏನಾದರೂ ಊದುತ್ತ ಕೂರುವುದನ್ನು ರೂಢಿ ಮಾಡಿಕೊಂಡ. ಹಾಡು ಕೆಟ್ಟದಾಗಿದೆ ಎಂದು ಅವ್ವ ವಸುವಿಗೆ ಹೇಳುವಳು. ಸ್ವಲ್ಪ ಕಾಲದ ಮೇಲೆ ನೇರ ಅವನಿಗೇ ಹೇಳತೊಡಗಿದಳು.

ಎರಡು ವರ್ಷ ಹಾಗೆ ಬದುಕಿದಳು. ಕಾಫಿ ಕುಡಿಯುವುದು ಕಲಿತಳು. ಹೋಟೆಲಿನವರ ಮದುವೆ ಮೆರವಣಿಗೆಗಳನ್ನು ಕಿಟಕಿಯಿಂದ ನೋಡಿ ವಧುವಿನ ಸೀರೆಗೆ ಹೆಸರಿಡುತ್ತಿದ್ದಳು. ಸಮುದ್ರದ ಮಾತು ಯಾರಾದರೂ ಎತ್ತಿದರೆ ಮಾತ್ರ, ಆ ಸದ್ದೊಂದು ನಿಲ್ಲುವುದೇ ಇಲ್ಲವಲ್ಲ, ಎನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ ವಸು ಎಬ್ಬಿಸಲು ಹೋದಾಗ ಅವ್ವ ಎದ್ದೇಳಲಿಲ್ಲ.

ನೀರು ಬಂದವರನ್ನು ದಡದ ಹಿಂದಿನ ಸುಡುಗಾಡಿನಲ್ಲೇ ಸುಡುವುದು ರೂಢಿ. ಕೇರಿಯ ಹಿರಿಯ ನಿಂಗಜ್ಜ ಅಲ್ಲಿಗೇ ಸೌದೆ ಹಾಕಿಸಲು ಹೊರಟಿದ್ದ. ಆಗ ಭಾವ ಎದ್ದು ನಿಂತು, ಕೆಳಗೆ ಒಯ್ಯಬೇಕೆಂದು ಅತ್ತೆ ನನಗೆ ಹೇಳಿದ್ದಾರೆ, ಎಂದ. ಅಕ್ಕನಿಗೆ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ನಿಂಗಜ್ಜ ಒಪ್ಪಲಿಲ್ಲ. ಹೆಣಕ್ಕೂ ನೀರು ಉಂಟೋ ಇಲ್ಲವೋ ಬಲ್ಲವರಾರು, ದಾರಿಯಲ್ಲಿ ಚಟ್ಟ ಬಿಟ್ಟು ಮೇಲೆದ್ದರೆ ಏನು ಗತಿ, ಪ್ರವಾಸಿಗರ ನಡುವೆ ತೇಲಿ ದಡಕ್ಕೆ ಬಂದರೆ ಮುಖ ಎಲ್ಲಿಡುತ್ತೀರಿ, ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, ಹಗ್ಗ ಇನ್ನೆರಡು ಸುತ್ತು ಹೆಚ್ಚು ಹಾಕಿ, ಎಂದಳು.

ಎತ್ತುವವರೇ ಹೆಗಲು ಕೊಟ್ಟರು. ಮುಂದಿನ ಬಲಹೆಗಲು ಅಕ್ಕನದು. ಮಡಕೆ ಹಿಡಿದು ಮುಂದೆ ನಾನು. ಆವತ್ತು ಹೋಟೆಲುಗಳೆಲ್ಲ ತುಂಬಿದ್ದವು. ದಡದ ತುಂಬ ಜನ, ಆದರೆ ಒಬ್ಬರೂ ಫೋಟೊ ತೆಗೆಯಲಿಲ್ಲ. ವಸುವನ್ನು ಹೆಗಲ ಮೇಲೆ ಕೂರಿಸಿಕೊಂಡು ಭಾವ ನಮ್ಮ ಜೊತೆ ಇಳಿದ. ಸ್ವಲ್ಪ ದೂರ ಹೋದ ಮೇಲೆ ಅವನ ಪಂಚೆ ಅಂಟಿಕೊಂಡಿತು, ನಡಿಗೆ ಭಾರವಾಯಿತು. ಎದೆಮಟ್ಟಕ್ಕೆ ಬಂದಿರಬೇಕು, ಅಲ್ಲೇ ನಿಂತ. ನಾವು ಮುಂದೆ ಹೋದೆವು.

ನಾನು ಹಿಂದಿರುಗಿ ನೋಡುವಂತಿರಲಿಲ್ಲ, ಮಡಕೆ ಹಿಡಿದವಳು. ನಾವೆಲ್ಲ ಕಾಯುತ್ತಿದ್ದುದು ಒಂದಕ್ಕೇ, ಹೆಗಲು ಹಗುರವಾಗುತ್ತದೆಯೋ ಎಂದು. ಇಳಿಜಾರು ಮುಗಿಯಿತು. ಮೊದಲ ಬಾವಿ ದಾಟಿದೆವು. ದೋಣಿಯೊಂದರ ಹೊಟ್ಟೆ ನಮ್ಮ ತಲೆಯ ಮೇಲೆ ಬಂದು, ಹಾಗೆಯೇ ನಿಂತುಬಿಟ್ಟಿತು. ಅದರ ನೆರಳಿನಲ್ಲಿ ನಡೆಯುತ್ತ ಅಕ್ಕ ಹಿಂದಿನವರನ್ನು ಕೇಳಿದಳು.

"ಭಾರ ಇದೆಯಾ?"

"ಇದೆ," ಎಂದ ಹಿಂದಿನವನು. ಸ್ವಲ್ಪ ದೂರ ಹೋಗಿ ಮತ್ತೆ ಅವನೇ ಹೇಳಿದ, "ಜಾಸ್ತಿಯಾಗ್ತಿದೆ ಅಕ್ಕ."

ಹಾಗೆ ಭಾಗವ್ವ ಮನೆಗೆ ಬಂದಳು. ಅಂಗಳದಲ್ಲಿ ಇಳಿಸಿದಾಗ ಹಣೆಯ ಭಸ್ಮ ಕೂಡ ಕದಡಿರಲಿಲ್ಲ. ಕೇರಿಯ ಹಿಂದೆ, ಅಪ್ಪನನ್ನು ಸುಟ್ಟ ಕಡೆಯಲ್ಲೇ ಚಿತೆ ಹಾಕಿದೆವು. ಅಕ್ಕ ಕೊಳ್ಳಿ ಇಟ್ಟಳು. ಬೆಂಕಿ ಚೆನ್ನಾಗಿ ಹತ್ತಿತು.

ಎಲ್ಲ ಮುಗಿಸಿ ದಡಕ್ಕೆ ಏರಿ ಬಂದಾಗ ಜನ ಚದುರಿದ್ದರು. ಭಾವ ಒದ್ದೆ ಪಂಚೆಯಲ್ಲೇ ಮರಳ ಮೇಲೆ ಕೂತಿದ್ದ, ವಸು ಅವನ ತೊಡೆಯ ಮೇಲೆ ಮಲಗಿತ್ತು. ಅತ್ತೆ ನೆನೆಯಲಿಲ್ಲ ತಾನೆ, ಎಂದು ಕೇಳಿದ. ಇಲ್ಲ, ಎಂದಳು ಅಕ್ಕ. ಅವನ ಪಕ್ಕ ಕೂತಳು. ಇಬ್ಬರೂ ಎದುರಿಗೆ ನೋಡುತ್ತ ಕೂತರು, ಅವನು ಅವನಿಗೆ ಕಾಣುವುದನ್ನು, ಅವಳು ಅವಳಿಗೆ ಕಾಣುವುದನ್ನು. ಆ ಮನೆಯ ವಿಷಯ ಭಾವ ಅಲ್ಲಿಯವರೆಗೆ ಒಮ್ಮೆಯೂ ಕೇಳಿದವನಲ್ಲ. ತಾನು ಹೋಗಲಾಗದ ಮನೆಯ ಮಾತು ಯಾಕೆ ಎಂದಿರಬೇಕು.

"ಅತ್ತೆಯ ಮನೆಗೆ ಹೋದ್ರೆ," ಎಂದು ಕೇಳಿದ, "ಮೊದಲು ಏನು ಸಿಗುತ್ತೆ?"

"ಬಾಗಿಲು ಗಿಡ್ಡ," ಎಂದಳು ಅಕ್ಕ. "ಮೊದಲು ತಲೆ ಬಗ್ಗಿಸಬೇಕು."

ಭಾವ ಕೂತಲ್ಲೇ ತಲೆ ಬಗ್ಗಿಸಿದ.